ಉಬ್ಬಿದ ಪುಟ

ಚೌಕಿಪೇಟೆಯ ಪ್ರೆಸ್ಸಿನಿಂದ ತಂದದ್ದು
ಲಗ್ನಪತ್ರಿಕೆಯ ಅಂಚು ಕತ್ತರಿಸಿ ಉದುರಿದ ಚೂರು.
ಚಿನ್ನದ ಗೆರೆ ಅರ್ಧ, ಗಣಪನ ಸೊಂಡಿಲು ಅರ್ಧ,
‘ಸುಖಾಗಮನ ಬಯಸುವವರು’ ಇದ್ದಲ್ಲಿ
‘ಬಯಸುವವರು’ ಮಾತ್ರ.

ಊದುಬತ್ತಿ ಕಡ್ಡಿಗೆ ಬಿಗಿಯಾಗಿ ಸುತ್ತಿ ಬಿಟ್ಟರೆ
ಸುರುಳಿ ತಾನೇ ಸಡಿಲಾಗುತ್ತದೆ.
ಒಂದು ಬದಿ ಚಿವುಟಿದರೆ ಎಸಳು,
ಎರಡೂ ಬದಿ ಚಿವುಟಿದರೆ ಕಣ್ಣು.
ಚಹಾದಲ್ಲಿ ಅದ್ದಿ ದಾವಣಗೆರೆ ಬಿಸಿಲಿಗೆ ಒಣಗಿಸಿದ ಹಾಳೆಯನ್ನು
ಒದ್ದೆ ಬೆರಳಲ್ಲಿ ಗೆರೆ ಎಳೆದು ಹರಿಯಬೇಕು;
ಕತ್ತರಿಗೆ ಆ ನಯ ಬರುವುದಿಲ್ಲ.

ನಡುವೆ ಫೋಟೋಕ್ಕೆಂದು ಜಾಗ ಬಿಟ್ಟಿದ್ದೆ.
ದೊಡ್ಡವ್ವ ಹಾಲಮ್ಮನದು ಇರುವುದೊಂದೇ,
ರೇಷನ್ ಕಾರ್ಡಿನದು, ಕಣ್ಣು ಮುಚ್ಚಿದ್ದಾಳೆ.
“ಅದನ್ನ ಹಚ್ಚಬ್ಯಾಡ, ಸತ್ತೋಳಂಗೆ ಕಾಣ್ತೀನಿ.”

ಪಕ್ಕದಲ್ಲೇ ಕೂತು, ಗೋಂದು ಜಾಸ್ತಿಯಾಯಿತೆಂದು ಬೈದಳು.
“ನಲವತ್ತು ವರ್ಷ ಮಂಡಕ್ಕಿ ಭಟ್ಟಿಗೆ ಪೊಟ್ಲ ಮಡಚೀನಿ,
ನೂರಕ್ಕೆ ಇಷ್ಟು ಅಂತ. ಹೂವು ಯಾರು ಕೇಳಿದ್ರು?”
ನನ್ನ ಕೈಯ ಹಾಳೆ ಕಸಿದು
ಗೋಡೆ ನೋಡುತ್ತಲೇ ಮಡಚಿದಳು,
ಉಗುರಲ್ಲಿ ತೀಡಿದಳು,
ಮೂಲೆಯೊಳಗೆ ಮೂಲೆ ಸಿಕ್ಕಿಸಿದಳು. ಅಂಟಿಲ್ಲ, ಪಿನ್ನಿಲ್ಲ.
ಆಮೇಲೆ ಹಳೆಯ ಚಾಳಿ,
ಬಾಯಿಗೆ ಹಿಡಿದು ಉಫ್ ಎಂದು ಊದಿದಳು.

ಫೋಟೋ ಜಾಗದಲ್ಲಿ ಈಗ ಅದೇ.
ಒಳಗೆ ಏನು ಇಡಲಿ ಎಂದೆ.
“ತುಂಬೋದು ಅಂಗಡಿಯವರ ಕೆಲಸ” ಅಂದು
ಎದ್ದು ಹೋದಳು.

ಸುರುಳಿ ಹೂಗಳೆಲ್ಲ ಒತ್ತಿ ಚಪ್ಪಟೆಯಾದವು.
ಆಲ್ಬಮ್ ಮಾತ್ರ ಮುಚ್ಚಿದರೂ ಮುಚ್ಚದು,
ಆ ಪುಟದ ಹತ್ತಿರ
ಬೆರಳು ತೂರುವಷ್ಟು ಬಾಯಿ ಬಿಟ್ಟೇ ಇರುತ್ತದೆ.