ಏಳನೇ ಹೆಸರು

ಪಲ್ಟನ್ನಿನಿಂದ ಚೀಟಿ ಬಂದದ: ಹನ್ನೊಂದು ಹೆಸರು.
ಅಕ್ಷರಕ್ಕ ಹನ್ನೆರಡು ರೂಪಾಯಿ,
ಒತ್ತು, ದೀರ್ಘ ಲೆಕ್ಕಕ್ಕಿಲ್ಲ.

ಶಹಾಬಾದ ಕಲ್ಲು ಹುಟ್ಟಾ ಮಲಗಿದ್ದು.
ಅಡಗಿಮನಿ, ಪಡಸಾಲಿ, ಎಲ್ಲೇ ಹಾಸಿದರೂ
ಕಾಲಿಗೆ ತಂಪು.
ಇವತ್ತ ಮೊದಲ ಸಲ
ಎಬ್ಬಿಸಿ ನಿಲ್ಲಿಸೀನಿ.

ಏಳನೇದು, ಸಿಪಾಯಿ ಮೌನೇಶ ದೇವೀಂದ್ರಪ್ಪ.
ನಮ್ಮ ಖಣಿ ನೀರಾಗ ಈಜು ಕಲ್ತಾಂವ,
ಸಾಲ್ಯಾಗ ತನ್ನ ಹೆಸರಿನ ದೀರ್ಘ ಮರತು
ದಿನಾ ಬೆತ್ತ ತಿಂದಾಂವ.

ಅವರವ್ವ ಬಂದಿದ್ದಳು. ಓದಲಿಕ್ಕ ಬರಲ್ಲ.
‘ಎಲ್ಲಿ?’ ಅಂದಳು.
ಆಕಿ ಬೆರಳು ಹಿಡದು ಇಟ್ಟು ತೋರಿಸಿದೆ.
ಸೆರಗಿಲೆ ಧೂಳು ಒರಸಿದಳು.
ಎಂಟನೇ ಹೆಸರಿಂದೂ ಒರಸಿದಳು,
ಅದರ ಕೆಳಗಿಂದೂ,
ಇನ್ನೂ ಕೆತ್ತದ ಜಾಗದ್ದೂ.

ಮೌನೇಶನ ದೀರ್ಘ ಬಾಕಿ ಅದ.
ಅದಕ್ಕ ರೊಕ್ಕ ಬರಲ್ಲ.
ಉಳಿ ಮಸಿಲಾಕತ್ತೀನಿ.