ಬೆಣೆ

ಭಾನುವಾರ ಮಾತ್ರ ಹೊರಬೀಳುವ ಕಾರು, ಸ್ಟುಡಿಬೇಕರ್,
ಐವತ್ತನೇ ಇಸವಿಯದು, ಹಸಿರು.
ಉಳಿದ ಆರು ದಿನ ಬಾಲ್ಡೊಮೆರೊನ ಬೇಕರಿಯ ಹಿಂದೆ
ಹಿಟ್ಟಿನ ಮೂಟೆಗಳ ಮಗ್ಗುಲಲ್ಲಿ ನಿಂತು
ತೆಳ್ಳಗೆ, ಬೆಳ್ಳಗೆ ಮುದಿಯಾಗುತ್ತದೆ.

ಕ್ಲಚ್ಚು ಬಿಟ್ಟಾಗ ಒಮ್ಮೆ: ಠಕ್.
ಆಕ್ಸಿಲರೇಟರಿನಿಂದ ಕಾಲೆತ್ತಿದಾಗ ಇನ್ನೊಮ್ಮೆ.
ರಿವರ್ಸಿನಲ್ಲಿ ಕೊಂಚ ತಡವಾಗಿ,
ಎರಡನೇ ಕೂಗಿಗೆ ಓಗೊಡುವವರ ಹಾಗೆ.
ಆರು ವರ್ಷದಿಂದ.

ಪೈಸಾಂದುವಿನ ಮೂರು ಗ್ಯಾರೇಜು ಅವನ ದುಡ್ಡು ತಿಂದಿದ್ದವು.
ಒಬ್ಬ ಶಾಫ್ಟಿನ ಎರಡೂ ಕೀಲು ಬದಲಿಸಿದ,
ಒಬ್ಬ ಗೇರುಪೆಟ್ಟಿಗೆಯಡಿಯ ರಬ್ಬರು.
ಮೂರನೆಯವನು ಕಲ್ಲುಹಾಸಿನ ಬೀದಿಯನ್ನೇ ಬೈದು ಕಳಿಸಿದ:
ಕುಣಿಯಲಾರದವನಿಗೆ ನೆಲ ಡೊಂಕು.
ಒಲೆಗಾರಿಯೊ ಮಾಮ ಆ ಮೂವರನ್ನೂ,
ಅವರ ಸ್ಪ್ಯಾನರುಗಳನ್ನೂ,
ಅವರಿಗೆ ಸ್ಪ್ಯಾನರು ಮಾರಿದವರನ್ನೂ
ಮಾತೆಯ ಬುರುಡೆ ಬರಿದಾಗುವ ತನಕ ಶಪಿಸಿ
ನನಗೆ ಹೇಳಿದ, ‘ಸುಲ್ಮಾ, ಗುಂಡಿಗಿಳಿ.
ಕಿವಿಯನ್ನು ನಂಬಬೇಡ.
ಕಬ್ಬಿಣದೊಳಗೆ ಹುಟ್ಟಿದ ಸದ್ದು ಊರೆಲ್ಲ ಸುತ್ತಿ
ಇನ್ಯಾರದೋ ಬಾಗಿಲಲ್ಲಿ ನಿಂತು ಕೂಗುತ್ತದೆ.’

ಇಳಿದೆ. ಶಾಫ್ಟನ್ನು ಎರಡೂ ಕೈಲಿ ಹಿಡಿದು ತಿರುಚಿದೆ,
ಕೀಲುಗಳು ಗಟ್ಟಿ; ತುಕ್ಕಿನ ಕೆಂಪು ಪುಡಿ ಇಲ್ಲ.
ಪ್ಲೇಟುಪಟ್ಟಿಯ ಬುಶ್ಶಿಗೆ ಸಲಾಕೆ ಕೊಟ್ಟು ಎಬ್ಬಿದೆ,
ಅದೂ ನಿರಪರಾಧಿ.
ಡಿಫರೆನ್ಷಿಯಲ್ಲಿನ ಎಣ್ಣೆ ಬೆರಳಲ್ಲಿ ಉಜ್ಜಿದೆ,
ಮೂಸಿದೆ. ಲೋಹದ ಮಿಂಚಿಲ್ಲ, ಸುಟ್ಟ ವಾಸನೆಯಿಲ್ಲ.
ಮಧ್ಯಾಹ್ನವಾಯಿತು, ಮೊಣಕೈಯಲ್ಲಿ ಗ್ರೀಸಿನ ಮಚ್ಚೆ.

ಆಗ ಅವನು ಚಾಕ್‌ಪೀಸು ಕೊಟ್ಟ.
ಚಕ್ರದ ಮುಚ್ಚಳ ತೆಗೆದು ಗೆರೆಯೆಳೆದೆ:
ಆಕ್ಸಲ್ಲಿನ ತುದಿಯಿಂದ, ನಟ್ಟು ದಾಟಿ, ಡ್ರಮ್ಮಿನ ತನಕ.
ಮುಂದಕ್ಕೆ. ಹಿಂದಕ್ಕೆ. ಠಕ್.
ಬಲಗಡೆಯದು ನೆಟ್ಟಗೇ ಇತ್ತು.
ಎಡಗಡೆಯ ಗೆರೆ ಮುರಿದಿತ್ತು,
ಸಾಸಿವೆಯಷ್ಟು.

ಪೈಪು ತೊಡಿಸಿ ನಿಂತೆ, ಬೇಕಾಗಲಿಲ್ಲ,
ಬೆರಳಿಗೇ ಬಂದುಬಿಟ್ಟಿತು ನಟ್ಟು.
ಡ್ರಮ್ಮು ಎಳೆದು ಕಿತ್ತರೆ ಒಳಗೆ ಬೆಣೆ,
ಒಂದು ಮಗ್ಗುಲು ಸವೆದು,
ಚೀಪಿ ಉಗಿದ ಪೆಪ್ಪರ್‌ಮಿಂಟಿನ ಹಾಗೆ.

ಆದರೆ ನನ್ನ ಕಣ್ಣು ಅದರ ಮೇಲಿರಲಿಲ್ಲ.
ಮೊದಲೇ ಬಿಚ್ಚಿಟ್ಟಿದ್ದ ಪಿನ್ನು ಚಿಂದಿಯ ಮೇಲಿತ್ತು:
ಒಂದು ಕಾಲು ಎಡಕ್ಕೆ ಸುತ್ತಿ,
ಇನ್ನೊಂದನ್ನು ಗಿಡ್ಡ ಕತ್ತರಿಸಿ ಒಳಕ್ಕೆ ಮಡಿಚಿದ್ದು.
ಈ ಊರಲ್ಲಿ ಹಾಗೆ ಮಡಿಚುವ ಕೈ ಒಂದೇ.
ನನ್ನದೂ ಸೇರಿದರೆ ಎರಡು.

ಮೊದಲ ವಾರವೇ ಬಾಯಿಪಾಠ ಮಾಡಿಸಿದ್ದ:
ಪಿನ್ನಿನ ತೂತು ಕೂಡಿಬರದಿದ್ದರೆ
ನಟ್ಟನ್ನು ಇನ್ನೂ ಬಿಗಿ, ಮುಂದಕ್ಕೇ ತಿರುಗಿಸು.
ಹಿಂದಕ್ಕೆ ಎಂದೂ, ಒಂದು ಕೂದಲೆಳೆಯೂ ಬೇಡ.

ಮಾಮ ಕನ್ನಡಕ ಹಾಕಿಕೊಂಡ.
ಪಿನ್ನನ್ನು ಬಾಗಿಲ ಬೆಳಕಿಗೆ ಹಿಡಿದ,
ಅಂಗಿಯ ಜೇಬಿಗಿಳಿಸಿದ.
‘ಎಂಬತ್ತೇಳು,’ ಅಂದ, ತುಂಬ ಹೊತ್ತಾದ ಮೇಲೆ.
‘ನಿಮ್ಮಮ್ಮನ ಮದುವೆಯ ಹಿಂದಿನ ದಿನ.
ಕೋಟು ತರಲು ದರ್ಜಿಯ ಅಂಗಡಿ ಮುಚ್ಚುತ್ತಿತ್ತು.’

ಹೊಸ ಬೆಣೆಯನ್ನು ಅವನೇ ಅರದಿಂದ ಉಜ್ಜಿದ,
ನನಗೆ ಕೊಡಲಿಲ್ಲ.
ಪೈಪಿಗೆ ಇಬ್ಬರೂ ಜೋತುಬಿದ್ದೆವು. ತೂತು ಕೂಡಲಿಲ್ಲ.
ಇನ್ನಿಷ್ಟು.
ಎಲ್ಲಿಯೋ ಒಂದು ಎಲುಬು ನರಳಿದಂತಾಗಿ, ಕೂಡಿತು.

ರಸೀತಿಯಲ್ಲಿ ಬೆಣೆಯ ಬೆಲೆ, ಪಿನ್ನಿನ ಬೆಲೆ.
‘ಕೂಲಿ?’ ಅಂದ ಬಾಲ್ಡೊಮೆರೊ.
‘ಆಗಲೇ ಕೊಟ್ಟಿದ್ದೀಯ.’
‘ನಾನೆಲ್ಲಿ ಕೊಟ್ಟೆ?’
ಮಾಮ ಕೈ ಒರೆಸುತ್ತಲೇ ಇದ್ದ, ಒರೆಸಲು ಏನೂ ಉಳಿದಿರಲಿಲ್ಲ.

ಕಾರು ಮೂಲೆಯ ತನಕ ಹೋಗಿ ನಿಂತಿತು.
ಹಿಂದಕ್ಕೆ ಬಂತು, ಮತ್ತೆ ಮುಂದಕ್ಕೆ, ಮತ್ತೆ ಹಿಂದಕ್ಕೆ,
ಕಳೆದುಕೊಂಡದ್ದನ್ನು ಬೀದಿಯಲ್ಲಿ ಹುಡುಕುವವರ ಹಾಗೆ.
‘ಕೇಳಿಸಿತೇ?’ ಅಂದ ಮಾಮ.
‘ಇಲ್ಲ.’
‘ಸರಿ.’

ಸಂಜೆ ಬಿಸಿನೀರಿನ ಫ್ಲಾಸ್ಕು ಕಂಕುಳಲ್ಲಿಟ್ಟು ಹೊರಟ,
ನದಿಯ ಕಡೆಗಲ್ಲ,
ಕಲ್ಲುಹಾಸನ್ನು ಬೈದವನ ಗ್ಯಾರೇಜಿನ ಕಡೆಗೆ.
ಜೇಬಿನಲ್ಲಿ ಪಿನ್ನಿತ್ತು.
ಏನು ಮಾತಾಡಿದರೋ ನನಗೆ ಗೊತ್ತಿಲ್ಲ.
ಬಂದಾಗ ಕತ್ತಲಾಗಿತ್ತು, ಫ್ಲಾಸ್ಕು ಖಾಲಿ.