ಅರ್ಧ ಸ್ವರ ಕೆಳಗ

ಮುನ್ನೂರಾ ಇಪ್ಪತ್ತು ಜೀಬಿ, ಸೆಕೆಂಡ್ ಹ್ಯಾಂಡು,
ಯಾವುದೋ ಆಫೀಸಿನ ಸತ್ತ ಕಂಪ್ಯೂಟರಿನ
ಹೊಟ್ಟ್ಯಾಗಿಂದ ತಗದದ್ದು.
ಗದಗ ಸ್ಟೇಶನ್ ರೋಡಿನ ರಿಪೇರಿ ಹುಡುಗ ಮುರ್ತುಜಾ
ಆರನೂರು ಅಂದ, ನಾಕನೂರಕ್ಕ ಇಳದ.
"ಗ್ಯಾರಂಟಿ ಕೇಳಬ್ಯಾಡ್ರಿ ಅಕ್ಕಾ,
ತಿರಗೂತನಕ ತಿರಗತೈತಿ."
ಅದರಾಗ ಇನ್ನೂ ಇದ್ದುವು ಯಾರದೋ ಪಗಾರ ಪಟ್ಟಿ,
ಯಾರದೋ ಮಗಳ ಹುಟ್ಟಿದ ದಿನದ ಫೋಟೋ ಹನ್ನೊಂದು.
ಅಳಿಸೂಕಿಂತ ಮೊದಲ ಒಂದೊಂದ ನೋಡಿದೆ.
ಕೇಕಿನ ಮ್ಯಾಲ ಮೂರು ಮೇಣಬತ್ತಿ.

ನಾ ಬೆಟಗೇರಿ ಪ್ರೆಸ್ಸಿನಾಗ ಬೈಂಡಿಂಗ್ ಮಾಡಾಕಿ.
ಹರದ ಪುಸ್ತಕಕ್ಕ ಬೆನ್ನು ಹಚ್ಚೂದು ಗೊತ್ತು,
ಹಾಡಿಗೆ ಬೆನ್ನು ಎಲ್ಲಿರತೈತೋ ಗೊತ್ತಿದ್ದಿಲ್ಲ.
ಸೌಂಡ್ ಸರ್ವಿಸಿನ ಬಸಲಿಂಗಪ್ಪ ಧಂದೆ ಮುಚ್ಚಿದಾಗ
ಹ್ಯಾಂಡ್‌ಬಿಲ್ಲಿನ ಬಾಕಿ ರೊಕ್ಕದ ಬದ್ಲಿ
ಒಂದು ಚೀಲ ಕ್ಯಾಸೆಟ್ಟು ಇಟ್ಟು ಹೋದ.
"ರದ್ದಿಗೆ ಹಾಕು" ಅಂದ್ರು ಮಾಲಕರು.
ನಾ ಮನಿಗೆ ಹೊತ್ತೆ. ತೊಂಬತ್ತಾರು.
ಭಜನಿ ಮ್ಯಾಳ, ಗೀಗೀ ಪದ, ಬೆಳತನಕದ ಗಾಯನ,
ಒಂದರಾಗ ಅರ್ಧ ತಾಸು ಬರೇ
"ಹಲೋ, ಮೈಕ್ ಟೆಸ್ಟಿಂಗ್, ಹಲೋ."
ಅದನ್ನೂ ತುಂಬಿದೆ.

ವೈರಿಗೆ ನಲವತ್ತು. ಟೇಪು ಅತ್ತಿಯವರದು.
ಕಂಪ್ಯೂಟರು ಪ್ರೆಸ್ಸಿನಂವರು ಒಗದದ್ದು,
ಕೀಬೋರ್ಡಿನಾಗ 'ಕ' ಎದ್ದು ಹೋಗೇತಿ.
ಅದಕ್ಕ ನನ್ನ ಲೈಬ್ರರಿಯೊಳಗ
ಕೀರ್ತನಿ ಎಲ್ಲಾ ಗೀರ್ತನಿ.

ಪುಸ್ತಕ ಆಗಿದ್ರ ಓದದನ ಝೆರಾಕ್ಸ್ ತಗೀಬಹುದು.
ಇದು ಹಂಗಲ್ಲ,
ಒಂದು ತಾಸಿನ ಹಾಡಿಗೆ ಒಂದು ತಾಸು ಕುಂಡ್ರಬೇಕು.
ನಡುವ ಕರೆಂಟು ಹೋದ್ರ ಮತ್ತ ಮೊದಲಿಂದ.
ಹಂಗ ಕುಂತು ಕುಂತು
ಬಾಜೂಕ ಲೆಕ್ಕ ಮಾಡೂ ಮಗಳು ಸುವರ್ಣಿ
ಭಾಗಾಕಾರ ತಪ್ಪಿದಳು, ಹಾಡು ಕಲತಳು.

ಅರವತ್ತೊಂದು ಮುಗದಿದ್ದುವು.
ಪೇಟಿ ರಿಪೇರಿ ದಾವಲಸಾಬರು
ಬಿಲ್ ಬುಕ್ ಹೊಲಿಸಾಕ ಪ್ರೆಸ್ಸಿಗೆ ಬಂದಿದ್ರು.
ಫೋನಿನಾಗ ಒಂದು ಹಚ್ಚಿ ಕೇಳಿಸಿದೆ, ತುಸು ಜಂಬದಿಂದ.
ಕಣ್ಣು ಮುಚ್ಚಿದ್ರು. ತಗದ್ರು.
ಅಂಗಿ ಕಿಸೆದಾಗಿಂದ ಒಂದು ಹಿತ್ತಾಳಿ ರೀಡು ತಗದು
ತುಟಿಗೆ ಇಟ್ಟು ಊದಿದ್ರು.
"ಈ ಪೇಟಿಗೆ ಸ್ವರ ಹಚ್ಚಿದಾಂವ ನಾನ.
ಕರಿ ಒಂದರ ಪೇಟಿ ಇದು. ಬಿಳಿ ಒಂದಕ್ಕ ಇಳದೈತಿ.
ಹಾಡಾಂವನ ತಪ್ಪಲ್ಲ ತಾಯಿ,
ನಿನ್ನ ಟೇಪಿನ ಬೆಲ್ಟು ಜೋತೈತಿ."

ಬೆಲ್ಟಿಗೆ ಇಪ್ಪತ್ತೈದು ರೂಪಾಯಿ.
ಅರವತ್ತೊಂದು ತಾಸಿಗೆ ಎಷ್ಟಂತ
ಯಾವ ಅಂಗಡ್ಯಾಗ ಕೇಳಲಿ?

ಮುರ್ತುಜಾ ನಕ್ಕ. ಒಂದು ಗುಂಡಿ ತೋರಿಸಿದ,
ನೂರಕ್ಕ ಆರು ಏರಿಸಿದ್ರ ಎಲ್ಲಾ ಸರಿ, ಒಂದ ರಾತ್ರಿಯೊಳಗ.
ಏರಿಸಿದೆ.
ಮುಂಜಾನೆ ಹಚ್ಚಿದ್ರ ಗಾಯಕರಿಗೆ ಹತ್ತು ವರ್ಷ ಕಡಿಮಿ ಆಗಿತ್ತು,
ತಬಲಾದಂವಗ ಎಲ್ಲಿಗೋ ಹೋಗೂ ಅವಸರ.
ಸುವರ್ಣಿ ಹಲ್ಲುಜ್ಜೂದು ಬಿಟ್ಟು ಬಂದಳು:
"ಇವರು ಯಾರು? ನಮ್ಮವರು ಎಲ್ಲಿ ಹೋದ್ರು?"
ದನಿ ಕೂಡಿಸಾಕ ನೋಡಿದಳು, ಗಂಟಲು ಮ್ಯಾಲ ಹತ್ತಲಿಲ್ಲ.
ಜೋತ ಬೆಲ್ಟಿನ ಸ್ವರದಾಗ ಕಲತ ಕೂಸು.

ಸರಿ ಅಂದ್ರ ಸರಿನ. ದಾವಲಸಾಬರ ಕಿವಿ ಸುಳ್ಳ ಹೇಳೂದಿಲ್ಲ.
ಆದ್ರ ಒಂದ ಒಂದು ಕ್ಯಾಸೆಟ್ಟು,
ಅಕಿ ಪೂರಾ ಬಾಯಿಪಾಠ ಮಾಡಿದ್ದು,
ಹಂಗ ಬಿಟ್ಟೇನಿ, ಅರ್ಧ ಸ್ವರ ಕೆಳಗ.
ಹೆಸರು 'ಸುವರ್ಣಿದು'. ಪುಣ್ಯಕ್ಕ 'ಕ' ಬೇಕಾಗಲಿಲ್ಲ.

ಇನ್ನ ಮೂವತ್ತೈದು ಉಳದಾವ.
ಹೊಸಾ ಬೆಲ್ಟು ಬಿಗಿ ಐತಿ.
ಡಿಸ್ಕು ನಡುನಡುವ ಟಿಕ್ ಅಂತೈತಿ, ನನ್ನ ಎದಿನೂ.
ಹಳೇ ಬೆಲ್ಟು ಒಗೀಲಿಲ್ಲ,
ಮುಚ್ಚಳ ಒಡದ ಕ್ಯಾಸೆಟ್ ಡಬ್ಬಿಗೆ ಎರಡು ಸುತ್ತು ಸುತ್ತೇನಿ.
ಅಷ್ಟಕ್ಕ ಹಿಡೀತೈತಿ.